ದಪ್ಪ ದನಿಗೆ ದೊಡ್ಡ ಪೆಟ್ಟಿಗೆ ಏಕೆ?

ಮೊಬೈಲ್ ಫೋನಿನಲ್ಲಿ ಹಾಡು ಕೇಳುವಾಗ ಒಂದು ಸಂಗತಿ ಗಮನಿಸಿದ್ದೀರಾ? ಗಾಯಕಿಯ ದನಿ, ಕೊಳಲಿನ ಸ್ವರ ಚೆನ್ನಾಗಿಯೇ ಕೇಳುತ್ತವೆ. ಡೋಲಿನ 'ಧಂ' ಮಾತ್ರ 'ಟಪ್' ಎಂದಷ್ಟೇ ಕೇಳುತ್ತದೆ. ಅದೇ ಹಾಡನ್ನು ದೊಡ್ಡ ಸ್ಪೀಕರ್ ಪೆಟ್ಟಿಗೆಯ ಮುಂದೆ ನಿಂತು ಕೇಳಿದರೆ ಎದೆಯೇ ಅದುರುತ್ತದೆ!

ಈ ತೊಡಕು ಬಾಸ್ ಗಿಟಾರ್ ನುಡಿಸುವವರಿಗೆ ಚೆನ್ನಾಗಿ ಗೊತ್ತು. ಬಾಸ್ ಗಿಟಾರಿಗೆ ಸಾಮಾನ್ಯವಾಗಿ ನಾಲ್ಕು ದಪ್ಪ ತಂತಿಗಳು. ಅಮೆರಿಕದ ಲಿಯೊ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬಾಸ್ ಗಿಟಾರ್ ಬಹಳ ಜನಪ್ರಿಯವಾಯಿತು. ಅದರ ಒಡಲು ಗಟ್ಟಿ ಮರದ್ದು. ಸ್ಪೀಕರ್ ಇಲ್ಲದೆ ಅದರ ದನಿ ಹೆಚ್ಚು ದೂರ ಕೇಳಿಸದು. ಅದರ ಅತಿ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. 340ನ್ನು 41ರಿಂದ ಭಾಗಿಸಿ ನೋಡಿ. ಶಬ್ದದ ಒಂದೊಂದು ಅಲೆಯೂ 8 ಮೀಟರಿಗಿಂತ ಉದ್ದ!

ಸ್ಪೀಕರಿನಲ್ಲಿ ಕಾಗದದಂತಹ ವಸ್ತುವಿನಿಂದ ಮಾಡಿದ ಒಂದು ಶಂಕು ಹಿಂದೆ ಮುಂದೆ ಅಲುಗುತ್ತದೆ. ಅದು ಮುಂದೆ ಸರಿದಾಗ ಎದುರಿನ ಗಾಳಿ ಒತ್ತುತ್ತದೆ, ಬೆನ್ನ ಹಿಂದಿನ ಗಾಳಿ ತೆಳುವಾಗುತ್ತದೆ. ಪೆಟ್ಟಿಗೆ ಇಲ್ಲದಿದ್ದರೆ ಒತ್ತಿದ ಗಾಳಿ ಶಂಕುವಿನ ಅಂಚನ್ನು ಬಳಸಿ ಹಿಂದಕ್ಕೆ ನುಸುಳುತ್ತದೆ. ಎರಡೂ ಒಂದನ್ನೊಂದು ಅಳಿಸಿಹಾಕುತ್ತವೆ. ಕೀಚು ಸ್ವರಗಳಲ್ಲಿ ಕಂಪನ ಬಹಳ ವೇಗ. ಹಾಗೆ ನುಸುಳಲು ಸಮಯವೇ ಸಿಗದು. ನಿಧಾನವಾಗಿ ಕಂಪಿಸುವ ದಪ್ಪ ಸ್ವರಗಳೇ ನಷ್ಟವಾಗುವುದು. ಆದ್ದರಿಂದ ಸ್ಪೀಕರಿನ ಬೆನ್ನನ್ನು ಪೆಟ್ಟಿಗೆಯಲ್ಲಿ ಮುಚ್ಚುತ್ತಾರೆ.

ಸರಿ, ಚಿಕ್ಕ ಪೆಟ್ಟಿಗೆ ಸಾಲದೇ? ಮಾಡಿ ನೋಡಿ. ಸೂಜಿ ಇಲ್ಲದ ಹೊಸ ಸಿರಿಂಜ್ ತೆಗೆದುಕೊಳ್ಳಿ. (ಬಳಸಿ ಎಸೆದದ್ದನ್ನು ಮುಟ್ಟಲೇಬೇಡಿ.) 10 ಮಿ.ಲೀ. ಗುರುತಿನವರೆಗೆ ಗಾಳಿ ತುಂಬಿ, ತುದಿಯನ್ನು ಬೆರಳಿನಿಂದ ಭದ್ರವಾಗಿ ಮುಚ್ಚಿ 8ರವರೆಗೆ ಒತ್ತಿ. ಬಳಿಕ 4 ಮಿ.ಲೀ. ಗಾಳಿಯಷ್ಟೇ ತುಂಬಿ 2ರವರೆಗೆ ಒತ್ತಿ. ಎರಡು ಸಲವೂ ಒತ್ತಿದ್ದು 2 ಮಿ.ಲೀ. ಮಾತ್ರ. ಎರಡನೆಯ ಸಲ ಎಷ್ಟು ಕಷ್ಟವಾಯಿತು! ಮೊದಲ ಸಲ ಒಳಗಿನ ಒತ್ತಡ ಕಾಲುಭಾಗ ಏರಿತು, ಎರಡನೆಯ ಸಲ ಇಮ್ಮಡಿಯಾಯಿತು.

ಪೆಟ್ಟಿಗೆಯೊಳಗಿನ ಗಾಳಿಯೂ ಹೀಗೆಯೇ ಸ್ಪ್ರಿಂಗಿನಂತೆ ವರ್ತಿಸುತ್ತದೆ. ಪೆಟ್ಟಿಗೆ ಚಿಕ್ಕದಾದಷ್ಟೂ ಸ್ಪ್ರಿಂಗ್ ಬಿರುಸು, ಶಂಕುವಿನ ಚಲನೆಗೆ ಅಡ್ಡಿ. ದಪ್ಪ ಸ್ವರಗಳಿಗೋ ಹೆಚ್ಚು ಚಲನೆ ಬೇಕು. ಕಂಪನದ ಸಂಖ್ಯೆ ಅರ್ಧಕ್ಕಿಳಿದರೆ, ಅಷ್ಟೇ ಬಲದ ಶಬ್ದ ಹೊರಡಿಸಲು ಶಂಕು ನಾಲ್ಕು ಪಟ್ಟು ದೂರ ಸರಿಯಬೇಕು! ಹಾಗೆಂದು ಪೆಟ್ಟಿಗೆಯನ್ನು ಬೇಕಾದಷ್ಟು ದೊಡ್ಡದು ಮಾಡುವಂತಿಲ್ಲ. ಹೊರುವವರ ಪಾಡು ಹಾಗಿರಲಿ, ತಡೆಯೇ ಇಲ್ಲದ ಶಂಕು ಮಿತಿಮೀರಿ ಚಲಿಸಿ ಹಾಳಾದೀತು.

1954ರಲ್ಲಿ ಅಮೆರಿಕದ ಎಡ್ಗರ್ ವಿಲ್ಚರ್ ಈ ಗಾಳಿಯ ಸ್ಪ್ರಿಂಗನ್ನೇ ಜಾಣತನದಿಂದ ಬಳಸಿಕೊಂಡರು. ಶಂಕುವನ್ನು ಬಹಳ ಸಡಿಲವಾಗಿ ಕಟ್ಟಿ, ಅದನ್ನು ಹಿಡಿದಿಡುವ ಕೆಲಸವನ್ನು ಗಾಳಿಗೆ ವಹಿಸಿದರು. ಕಪಾಟಿನಲ್ಲಿಡಬಹುದಾದ ಪೆಟ್ಟಿಗೆಯಿಂದಲೂ ದಪ್ಪ ಸ್ವರ ಹೊರಟಿತು. ಆದರೆ ಅದಕ್ಕೆ ಹೆಚ್ಚು ವಿದ್ಯುತ್ ಬಲ ಬೇಕಾಯಿತು. ಅವರ ಜೊತೆಗಾರ ಹಾಫ್‌ಮನ್ ಹೇಳಿದ ನಿಯಮವೂ ಇದೇ: ಚಿಕ್ಕ ಪೆಟ್ಟಿಗೆ, ದಪ್ಪ ಸ್ವರ, ಕಡಿಮೆ ವಿದ್ಯುತ್ತಿನಲ್ಲಿ ಜೋರು ಶಬ್ದ, ಈ ಮೂರರಲ್ಲಿ ಎರಡನ್ನಷ್ಟೇ ಪಡೆಯಬಹುದು.

1969ರಲ್ಲಿ ಆಂಪೆಗ್ ಎಂಬ ಕಂಪನಿ ಬಾಸ್ ಗಿಟಾರಿಗಾಗಿ ಹೊರತಂದ ಪೆಟ್ಟಿಗೆಗೆ 'ಫ್ರಿಜ್' ಎಂದೇ ಅಡ್ಡಹೆಸರು! ಸುಮಾರು 4 ಅಡಿ ಎತ್ತರ; ಒಳಗೆ 10 ಅಂಗುಲದ ಎಂಟು ಸ್ಪೀಕರ್. ತಮಾಷೆಯೆಂದರೆ, ಒಳಗೆ ನಾಲ್ಕು ಪ್ರತ್ಯೇಕ ಕೋಣೆಗಳಿವೆ. ಪ್ರತಿ ಸ್ಪೀಕರಿಗೆ ಸಿಗುವ ಗಾಳಿ ನಾವು ಎಣಿಸಿದಷ್ಟಿಲ್ಲ. ಎಂಟು ಶಂಕುಗಳು ಒಟ್ಟಾಗಿ ತಳ್ಳುವುದರಲ್ಲೇ ಅದರ ಬಲವಿದೆ.

ಆ ಫ್ರಿಜ್ ಕೂಡ 41 ಕಂಪನಗಳ ಸ್ವರವನ್ನು ಪೂರ್ಣ ಬಲದಿಂದ ನುಡಿಸುವುದಿಲ್ಲ. ಆದರೂ ನಮಗೆ ಕೊರತೆ ಕಾಣದು. ತಂತಿ ಮಿಡಿದಾಗ 41ರ ಜೊತೆಗೆ 82, 123 ಹೀಗೆ ಮೇಲಿನ ಕಂಪನಗಳೂ ಹುಟ್ಟುತ್ತವೆ. ಅವನ್ನು ಕೇಳಿದ ಮಿದುಳು, ಬಿಟ್ಟುಹೋದ 41ನ್ನು ತಾನೇ ತುಂಬಿಕೊಳ್ಳುತ್ತದೆ. ಹಳೆಯ ಟೆಲಿಫೋನಿನಲ್ಲೂ ಇದೇ ನಡೆಯುತ್ತಿತ್ತು. ಸೆಕೆಂಡಿಗೆ 300ಕ್ಕಿಂತ ಕಡಿಮೆ ಕಂಪನಗಳನ್ನು ಅದು ಹೆಚ್ಚಾಗಿ ಸಾಗಿಸುತ್ತಲೇ ಇರಲಿಲ್ಲ; ಆದರೂ ಆ ತುದಿಯಲ್ಲಿ ಅಜ್ಜ ಮಾತಾಡಿದರೆ ಅಜ್ಜನ ದಪ್ಪ ದನಿಯೇ ಕೇಳುತ್ತಿತ್ತು.