ವಿದ್ಯಾರ್ಥಿ ಉಪನ್ಯಾಸ: ಸಂಶೋಧನೆಯ ಮೊದಲ ಮೆಟ್ಟಿಲು

ಭೌತಶಾಸ್ತ್ರದ ಅಧ್ಯಯನವೆಂದರೆ ಸೂತ್ರಗಳ ಕಂಠಪಾಠ, ಸಂಶೋಧನೆಯೆಂದರೆ ಮಹಾನಗರಗಳ ದೊಡ್ಡ ಸಂಸ್ಥೆಗಳಿಗೆ ಮೀಸಲಾದ ಕಾರ್ಯ ಎಂಬ ಭಾವನೆ ಗ್ರಾಮಾಂತರ ವಿದ್ಯಾರ್ಥಿಗಳಲ್ಲಿ ಬೇರೂರಿದೆ. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂತಹ ಊರುಗಳಲ್ಲಿ ಪದವಿ ತರಗತಿಗೆ ಬರುವವರ ಪೈಕಿ ಮನೆತನದಲ್ಲಿಯೇ ಮೊದಲ ಪದವೀಧರರಾಗಲಿರುವವರು ಹಲವರು. ಬುದ್ಧಿಶಕ್ತಿಯಲ್ಲಿ ಅವರು ಯಾರಿಗೂ ಕಡಿಮೆಯಲ್ಲ. ಆದರೆ ಸಂಕೋಚದಿಂದಲೂ ಮಾಹಿತಿಯ ಅಭಾವದಿಂದಲೂ ಅವರ ಪಾಲಿನ ಅವಕಾಶಗಳು ಕೈತಪ್ಪಿ ಹೋಗುತ್ತವೆ. ಈ ಎರಡು ಕೊರತೆಗಳನ್ನೂ ನೀಗಬಲ್ಲ ಸುಲಭ ಸಾಧನವೆಂದರೆ ವಿಭಾಗದಲ್ಲಿ ವಾರಕ್ಕೊಮ್ಮೆ ನಡೆಯುವ ವಿದ್ಯಾರ್ಥಿ ಉಪನ್ಯಾಸ.

ಉಪನ್ಯಾಸವೆಂದರೆ ಪುಸ್ತಕದ ಪುಟಗಳನ್ನು ಓದಿ ಹೇಳುವುದಲ್ಲ. ಒಬ್ಬ ವಿದ್ಯಾರ್ಥಿ ಒಂದು ಚಿಕ್ಕ ವಿಷಯವನ್ನು ಆರಿಸಿಕೊಂಡು, ಇಪ್ಪತ್ತು ನಿಮಿಷಗಳ ಕಾಲ ಸಹಪಾಠಿಗಳಿಗೆ ವಿವರಿಸಬೇಕು. ಅನಂತರದ ಹತ್ತು ನಿಮಿಷ ಪ್ರಶ್ನೆಗಳಿಗೆ ಮೀಸಲು. ಆರಂಭದಲ್ಲಿ ಕನ್ನಡದಲ್ಲಿಯೇ ಮಾತನಾಡಲಿ. ವಿಷಯ ಮನಸ್ಸಿಗೆ ಹತ್ತಿದ ಮೇಲೆ ಇಂಗ್ಲಿಷಿನಲ್ಲಿ ಹೇಳುವುದು ಕೇವಲ ಅಭ್ಯಾಸದ ಮಾತು.

ಉದಾಹರಣೆಗೆ ಗಾಳಿಯಂತ್ರವನ್ನು ತೆಗೆದುಕೊಳ್ಳಬಹುದು. ಗಾಳಿಯಲ್ಲಿ ಅಡಗಿರುವ ಸಾಮರ್ಥ್ಯವು ಅದರ ವೇಗದ ಘನಕ್ಕೆ ಅನುಪಾತದಲ್ಲಿರುತ್ತದೆ. ವೇಗ ಇಮ್ಮಡಿಯಾದರೆ ಸಾಮರ್ಥ್ಯ ಎಂಟು ಪಟ್ಟಾಗುತ್ತದೆ. ಇಷ್ಟನ್ನು ಪಠ್ಯಪುಸ್ತಕ ಹೇಳುತ್ತದೆ. ಆಗ ಹಿಂದಿನ ಬೆಂಚಿನಿಂದ ಒಬ್ಬನು, "ಹಾಗಾದರೆ ದಿನದ ಸರಾಸರಿ ವೇಗ ತಿಳಿದರೆ ಸಾಕೇ?" ಎಂದು ಕೇಳಿದನೆನ್ನೋಣ. ದಿನವಿಡೀ ಸೆಕೆಂಡಿಗೆ 6 ಮೀಟರ್ ವೇಗದಲ್ಲಿ ಗಾಳಿ ಬೀಸಿದರೆ ಘನ 216. ಅರ್ಧ ದಿನ 4 ಮೀಟರ್, ಉಳಿದರ್ಧ 8 ಮೀಟರ್ ಬೀಸಿದರೂ ಸರಾಸರಿ 6 ಮೀಟರೇ. ಆದರೆ 64 ಮತ್ತು 512ರ ಸರಾಸರಿ 288. ಸರಾಸರಿ ವೇಗ ಒಂದೇ ಆದರೂ ಶಕ್ತಿ ಮೂರನೆಯ ಒಂದು ಭಾಗದಷ್ಟು ಹೆಚ್ಚು! ಹಾಗಿದ್ದಲ್ಲಿ ಹರಪನಹಳ್ಳಿಯ ಗುಡ್ಡದ ಮೇಲೂ ಕೂಡ್ಲಿಗಿಯ ಬಯಲಿನಲ್ಲೂ ಗಾಳಿಯ ಏರಿಳಿತ ಹೇಗಿದೆ? ಇದಕ್ಕೆ ಪಠ್ಯಪುಸ್ತಕದಲ್ಲಿ ಉತ್ತರವಿಲ್ಲ. ವೇಗಮಾಪಕವೊಂದನ್ನು ಹಿಡಿದು ತಿಂಗಳುಗಟ್ಟಲೆ ಅಳೆದು ಬರೆದಿಡಬೇಕು. ಸಂಶೋಧನೆ ಆರಂಭವಾಗುವುದು ಇಲ್ಲಿಯೇ. ಇಂತಹ ಗಳಿಗೆಯಲ್ಲಿ "ತಿಳಿಯದು, ಅಳೆದು ನೋಡೋಣ" ಎಂದು ಅಧ್ಯಾಪಕರು ನುಡಿದರೆ ಅದು ಅವರ ಹಿರಿಮೆಯೇ ಹೊರತು ಕೊರತೆಯಲ್ಲ.

ಒಂದು ಉಪನ್ಯಾಸ, ಒಂದು ಭೇಟಿ ಜೀವನದ ದಿಕ್ಕನ್ನೇ ಬದಲಿಸಬಲ್ಲದು. 1928ರಲ್ಲಿ ಜರ್ಮನಿಯ ವಿಜ್ಞಾನಿ ಸೋಮರ್‌ಫೆಲ್ಡ್ ಮದ್ರಾಸಿಗೆ ಬಂದಾಗ, ಪ್ರೆಸಿಡೆನ್ಸಿ ಕಾಲೇಜಿನ ವಿದ್ಯಾರ್ಥಿಯಾಗಿದ್ದ ಎಸ್. ಚಂದ್ರಶೇಖರ್ ಅವರನ್ನು ಕಂಡು ಮಾತನಾಡಿ, ಭೌತಶಾಸ್ತ್ರದ ಹೊಸ ಬೆಳವಣಿಗೆಗಳನ್ನು ಅರಿತರು. ಮರುವರ್ಷವೇ ಅವರ ಪ್ರಬಂಧವೊಂದು ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಪ್ರಕಟವಾಯಿತು. 1983ರಲ್ಲಿ ನೊಬೆಲ್ ಪಾರಿತೋಷಕ ಪಡೆದವರು ಇವರೇ. ನಮ್ಮ ನಾಡಿನಲ್ಲಿಯೂ ಭೌತಶಾಸ್ತ್ರದ ಅಧ್ಯಾಪಕರಾದ ಡಾ. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರಿನ ನ್ಯಾಷನಲ್ ಕಾಲೇಜಿನಲ್ಲಿ ಬೆಂಗಳೂರು ಸೈನ್ಸ್ ಫೋರಂ ಸ್ಥಾಪಿಸಿ, ವಿಜ್ಞಾನದ ಉಪನ್ಯಾಸಗಳು ವಾರವಾರವೂ ನಡೆಯುವ ಪರಿಪಾಠವನ್ನು ಬೆಳೆಸಿದರು.

ಕಾಲೇಜಿನ ಹೊರಗಿನ ಅವಕಾಶಗಳೂ ಇಲ್ಲದಿಲ್ಲ. ಸರ್ ಸಿ. ವಿ. ರಾಮನ್ನರು 1934ರಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು ಇತರ ಎರಡು ರಾಷ್ಟ್ರೀಯ ಅಕಾಡೆಮಿಗಳೊಡಗೂಡಿ ನಡೆಸುತ್ತ ಬಂದ ಬೇಸಿಗೆಯ ಫೆಲೋಶಿಪ್ಪಿನಲ್ಲಿ ಆಯ್ಕೆಯಾದವರು ಎರಡು ತಿಂಗಳ ಕಾಲ ವಿಜ್ಞಾನಿಯೊಬ್ಬರ ಮಾರ್ಗದರ್ಶನದಲ್ಲಿ ದುಡಿಯುತ್ತಾರೆ. ಇಂತಹ ಯೋಜನೆಗಳಿಗೆ ಬೇಸಿಗೆಗೆ ಹಲವು ತಿಂಗಳು ಮುಂಚೆಯೇ ಅರ್ಜಿ ಸಲ್ಲಿಸಬೇಕಾಗುವುದರಿಂದ, ಪರೀಕ್ಷೆ ಮುಗಿದ ಮೇಲೆ ವಿಚಾರಿಸಿದರೆ ಕಾಲ ಮೀರಿರುತ್ತದೆ. ಅರ್ಜಿಯಲ್ಲಿ ಅಂಕಗಳಷ್ಟೇ ಅಲ್ಲದೆ, ತನ್ನ ಆಸಕ್ತಿಯನ್ನು ಕುರಿತ ಕಿರುಬರಹ ಮತ್ತು ಅಧ್ಯಾಪಕರ ಶಿಫಾರಸು ಪತ್ರ ಬೇಕಾಗುತ್ತವೆ. ವರ್ಷದಲ್ಲಿ ಎರಡು ಉಪನ್ಯಾಸ ಮಾಡಿ, ಒಂದು ಪ್ರಶ್ನೆಯ ಬೆನ್ನುಹತ್ತಿದ ವಿದ್ಯಾರ್ಥಿಗೆ ಬರೆಯಲು ವಿಷಯವಿರುತ್ತದೆ. ಅವನನ್ನು ಬಲ್ಲ ಅಧ್ಯಾಪಕರಿಗೂ ನಾಲ್ಕು ನಿಜವಾದ ಮಾತು ಬರೆಯಲು ಸಾಧ್ಯವಾಗುತ್ತದೆ.

ಈ ಐದು ತಾಲ್ಲೂಕುಗಳು ಇಂದು ವಿಜಯನಗರ ಜಿಲ್ಲೆಯಲ್ಲಿವೆ. ಬಳ್ಳಾರಿಯಲ್ಲಿ 2010ರಲ್ಲಿ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಸ್ಥಾಪನೆಯಾದ ಮೇಲೆ ಉನ್ನತ ಶಿಕ್ಷಣವು ಈ ಭಾಗಕ್ಕೆ ಹಿಂದಿಗಿಂತ ಸಮೀಪವಾಗಿದೆ. ಐದೂ ಊರುಗಳ ಕಾಲೇಜುಗಳು ಸರದಿಯಂತೆ ಪರಸ್ಪರರ ವಿದ್ಯಾರ್ಥಿಗಳನ್ನು ಉಪನ್ಯಾಸಕ್ಕೆ ಆಹ್ವಾನಿಸಿ, ಅರ್ಜಿಗಳ ಕೊನೆಯ ದಿನಾಂಕಗಳನ್ನು ಸೂಚನಾ ಫಲಕದಲ್ಲಿ ಕಾಲಕ್ಕೆ ಸರಿಯಾಗಿ ಪ್ರಕಟಿಸಿದರೆ ಅದಕ್ಕೆ ತಗಲುವ ವೆಚ್ಚ ಅತ್ಯಲ್ಪ. ಬೇಕಾದುದು ಒಂದು ಕಪ್ಪುಹಲಗೆ, ಒಂದಿಷ್ಟು ಸೀಮೆಸುಣ್ಣ ಮತ್ತು ಪ್ರಶ್ನೆ ಕೇಳಿದವನನ್ನು ನೋಡಿ ಯಾರೂ ನಗದಂತಹ ವಾತಾವರಣ.