ಹೊಲದಿಂದ ಊಟದೆಲೆಗೆ

ಹೊಲದಿಂದ ಊಟದೆಲೆಗೆ ಎಂಬುದು ಭೋಜನಗೃಹ ಅಥವಾ ಅತಿಥಿಗೃಹವೊಂದು ತನ್ನ ಅಡುಗೆಗೆ ಬೇಕಾದ ಧಾನ್ಯ, ತರಕಾರಿ, ಹಣ್ಣು, ಹಾಲುಗಳನ್ನು ಮಂಡಿಯ ಮೂಲಕ ಕೊಳ್ಳದೆ ಸಮೀಪದ ರೈತರಿಂದ ನೇರವಾಗಿ ಪಡೆದು, ಅಥವಾ ತನ್ನದೇ ತೋಟದಲ್ಲಿ ಬೆಳೆದು, ಆಯಾ ಋತುವಿನಲ್ಲಿ ದೊರೆಯುವುದನ್ನೇ ಬಡಿಸುವ ಪದ್ಧತಿಯಾಗಿದೆ. ಇದನ್ನು "ಫಾರ್ಮ್ ಟು ಟೇಬಲ್" ಎಂಬ ಇಂಗ್ಲಿಷ್ ಹೆಸರಿನಿಂದಲೂ ಕರೆಯುತ್ತಾರೆ. ಪ್ರವಾಸಿಗರಿಗೆ ಹೆಚ್ಚಿನ ಬೆಲೆಗೆ ಒದಗಿಸುವ ಊಟದೊಂದಿಗೆ ಈ ಹೆಸರು ಸೇರಿಕೊಂಡಿದೆ. ಪದ್ಧತಿಯ ಅನುಕೂಲ ಮತ್ತು ತೊಡಕುಗಳನ್ನು ತಿಳಿಯಲು ಮೈಸೂರು ಜಿಲ್ಲೆಯ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳು ಒಳ್ಳೆಯ ಉದಾಹರಣೆಗಳಾಗಿವೆ.

ಹಿನ್ನೆಲೆ

ಆಧುನಿಕ ರೂಪದಲ್ಲಿ ಈ ಪದ್ಧತಿಯನ್ನು ಪ್ರಸಿದ್ಧಿಗೆ ತಂದವರಲ್ಲಿ ಆಲಿಸ್ ವಾಟರ್ಸ್ ಪ್ರಮುಖರು. ಅವರು 1971ರಲ್ಲಿ ಅಮೆರಿಕದ ಬರ್ಕ್ಲಿ ನಗರದಲ್ಲಿ "ಶೇ ಪನೀಸ್" ಎಂಬ ಭೋಜನಗೃಹವನ್ನು ತೆರೆದರು. ಇಟಲಿಯಲ್ಲಿ 1980ರ ದಶಕದಲ್ಲಿ ಕಾರ್ಲೊ ಪೆಟ್ರಿನಿಯವರಿಂದ ಬೆಳೆದ "ಸ್ಲೋ ಫುಡ್" ಚಳವಳಿಯೂ ಸ್ಥಳೀಯ ಬೆಳೆ ಮತ್ತು ಅಡುಗೆಗಳ ಪರವಾಗಿ ನಿಂತಿತು. ನಮ್ಮ ಹಳ್ಳಿಗಳಲ್ಲಿ ಇದು ಹೊಸತೇನೂ ಅಲ್ಲ. ಹಿತ್ತಲಿನ ಸೊಪ್ಪು, ಹೊಲದ ರಾಗಿ, ಕೊಟ್ಟಿಗೆಯ ಹಾಲು ಇವೇ ದಿನನಿತ್ಯದ ಊಟವಾಗಿದ್ದವು. ಹೊಸದಾಗಿರುವುದು ಅದಕ್ಕೆ ಕಟ್ಟುವ ಬೆಲೆ.

ಪ್ರದೇಶ ಮತ್ತು ಬೆಳೆಗಳು

ನಂಜನಗೂಡು ಕಪಿಲಾ (ಕಬಿನಿ) ನದಿಯ ದಡದಲ್ಲಿ, ಮೈಸೂರಿನಿಂದ ಸುಮಾರು 25 ಕಿ.ಮೀ. ದೂರದಲ್ಲಿದೆ. ಮೈಸೂರಿನಿಂದ ಗುಂಡ್ಲುಪೇಟೆಯ ಮೂಲಕ ಊಟಿ, ವಯನಾಡುಗಳಿಗೆ ಹೋಗುವವರು ಈ ಊರನ್ನು ಹಾದುಹೋಗುತ್ತಾರೆ. ಶ್ರೀಕಂಠೇಶ್ವರನ ದರ್ಶನಕ್ಕೆ ಬರುವ ಯಾತ್ರಿಕರೂ ಬಹಳ. ತಿ. ನರಸೀಪುರವು ಕಾವೇರಿ ಮತ್ತು ಕಪಿಲಾ ನದಿಗಳ ಸಂಗಮಸ್ಥಳ. ಈ ತಾಲ್ಲೂಕಿನಲ್ಲಿಯೇ ತಲಕಾಡು ಮತ್ತು 1258ರಲ್ಲಿ ನಿರ್ಮಾಣವಾದ ಸೋಮನಾಥಪುರದ ಕೇಶವ ದೇವಾಲಯಗಳಿವೆ.

ನಾಲೆಯ ನೀರು ತಲುಪುವ ಕಡೆ ಭತ್ತ, ಕಬ್ಬು, ಬಾಳೆ, ತೆಂಗು. ಮಳೆಯಾಶ್ರಿತ ಹೊಲಗಳಲ್ಲಿ ರಾಗಿ, ಹುರುಳಿ, ಅವರೆ, ಅಲಸಂದೆ. ಇವುಗಳಿಂದಲೇ ಮುದ್ದೆ, ಉಪ್ಸಾರು, ಬಸ್ಸಾರು, ಮಸ್ಸೊಪ್ಪುಗಳು ಹುಟ್ಟಿವೆ. ಮಾರ್ಗಶಿರ, ಪುಷ್ಯ ಮಾಸಗಳಲ್ಲಿ ಸೊಗಡಿನ ಅವರೆಕಾಯಿ ಬರುತ್ತದೆ. ಬೇಸಿಗೆಯ ನಡುವೆ "ತಾಜಾ ಸೊಗಡವರೆ" ಎಂದು ಬಡಿಸುವ ಕಡೆ ಸ್ವಲ್ಪ ಅನುಮಾನಪಡುವುದು ತಪ್ಪಲ್ಲ. ನೆರೆಯ ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಅವರು ನೂರಾರು ದೇಸಿ ಭತ್ತದ ತಳಿಗಳನ್ನು ಉಳಿಸಿಕೊಂಡು ಬಂದಿದ್ದಾರೆ. ಇಂತಹ ತಳಿಗಳ ಅನ್ನಕ್ಕೆ ನಗರದ ಭೋಜನಗೃಹಗಳಲ್ಲಿ ಬೇಡಿಕೆ ಹುಟ್ಟಿದೆ.

ರಸಬಾಳೆ

ಈ ಪ್ರದೇಶದ ಅತಿ ಪ್ರಸಿದ್ಧ ಬೆಳೆ ನಂಜನಗೂಡು ರಸಬಾಳೆ. ಇದು ಸಿಲ್ಕ್ ಎಂಬ ಉಪಗುಂಪಿಗೆ ಸೇರಿದ ಬಾಳೆ. ಸಿಪ್ಪೆ ತೆಳು, ತಿರುಳು ಮೃದು, ಪರಿಮಳ ವಿಶಿಷ್ಟ. ರಸಾಯನಕ್ಕೆ ಇದಕ್ಕಿಂತ ಒಳ್ಳೆಯ ಹಣ್ಣಿಲ್ಲವೆಂಬುದು ಈ ಭಾಗದವರ ಅಭಿಪ್ರಾಯ. ರಾಜ್ಯದ ತೋಟಗಾರಿಕೆ ಇಲಾಖೆಯ ಅರ್ಜಿಯ ಮೇಲೆ ಇದಕ್ಕೆ 2005-06ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ದೊರೆಯಿತು. ಅಂದರೆ ನಿಗದಿತ ಪ್ರದೇಶದಲ್ಲಿ ಬೆಳೆದ ಹಣ್ಣಿಗೆ ಮಾತ್ರ ಆ ಹೆಸರು ಸಲ್ಲುತ್ತದೆ.

ಮಾನ್ಯತೆ ಬರುವ ವೇಳೆಗೆ ಬೆಳೆಯೇ ಕ್ಷೀಣಿಸಿತ್ತು. ಕಾರಣ ಪನಾಮ ಸೊರಗು ರೋಗ. ಫ್ಯುಸೇರಿಯಂ ಎಂಬ ಶಿಲೀಂಧ್ರವು ಮಣ್ಣಿನಿಂದ ಬೇರಿನೊಳಗೆ ಹೊಕ್ಕು ನೀರು ಸಾಗುವ ನಾಳಗಳನ್ನು ಕಟ್ಟಿಬಿಡುತ್ತದೆ. ಹಳೆಯ ಎಲೆಗಳು ಅಂಚಿನಿಂದ ಹಳದಿಯಾಗಿ, ಬುಡದಲ್ಲಿ ಮುರಿದು ದಿಂಡಿನ ಸುತ್ತ ಜೋತುಬೀಳುತ್ತವೆ. ದಿಂಡನ್ನು ಸೀಳಿದರೆ ಕೆಂಗಂದು ಗೆರೆಗಳು ಕಾಣುತ್ತವೆ. ಶಿಲೀಂಧ್ರದ ಬೀಜಕಗಳು ದಶಕಗಳ ಕಾಲ ಮಣ್ಣಿನಲ್ಲಿ ಜೀವಂತವಾಗಿರಬಲ್ಲವು. ಆದ್ದರಿಂದ ಒಮ್ಮೆ ರೋಗ ತಗುಲಿದ ತೋಟಕ್ಕೆ ಮತ್ತೆ ಅದೇ ತಳಿಯನ್ನು ಹಾಕಿದರೆ ನಷ್ಟವೇ ಗತಿ. ಇದೇ ರೋಗ ಮಧ್ಯ ಅಮೆರಿಕದಲ್ಲಿ ಗ್ರೋ ಮಿಷೆಲ್ ತಳಿಯ ರಫ್ತು ವ್ಯಾಪಾರವನ್ನು 1950ರ ದಶಕದ ಹೊತ್ತಿಗೆ ಕುಸಿಯುವಂತೆ ಮಾಡಿತು. ಅದರ ಸ್ಥಾನಕ್ಕೆ ಕ್ಯಾವೆಂಡಿಷ್ ಬಂದಿತು.

ರೋಗಪೀಡಿತ ತೋಟದ ಕಂದುಗಳನ್ನು ನೆಡುವುದರಿಂದ ರೋಗ ಹರಡುತ್ತದೆ. ಈ ಕಾರಣದಿಂದ ಅಂಗಾಂಶ ಕೃಷಿಯ ರೋಗಮುಕ್ತ ಸಸಿಗಳನ್ನು ಬಳಸುವುದು, ಭತ್ತದೊಂದಿಗೆ ಬೆಳೆ ಬದಲಿಸುವುದು, ಟ್ರೈಕೋಡರ್ಮದಂತಹ ಉಪಕಾರಿ ಶಿಲೀಂಧ್ರವನ್ನು ಮಣ್ಣಿಗೆ ಸೇರಿಸುವುದು ಮುಂತಾದ ಕ್ರಮಗಳನ್ನು ಸೂಚಿಸಲಾಗುತ್ತದೆ. ಆದರೂ ಸಸಿ ಶುದ್ಧವಾಗಿದ್ದ ಮಾತ್ರಕ್ಕೆ ಮಣ್ಣು ಶುದ್ಧವಾಗುವುದಿಲ್ಲ. ಏಲಕ್ಕಿ ಬಾಳೆ, ಕೇರಳದ ಮಾರುಕಟ್ಟೆಗೆ ಹೋಗುವ ನೇಂದ್ರ ಬಾಳೆ ಇವುಗಳತ್ತ ರೈತರು ತಿರುಗಿದ್ದನ್ನು ಆಕ್ಷೇಪಿಸುವಂತಿಲ್ಲ. ತೆಳು ಸಿಪ್ಪೆಯ ರಸಬಾಳೆ ದೂರ ಸಾಗಣೆಯನ್ನೂ ತಾಳದು. ಬೆಳೆದ ಊರಿನ ಹತ್ತಿರವೇ ಒಳ್ಳೆಯ ಬೆಲೆ ಕೊಟ್ಟು ಕೊಳ್ಳುವ ಭೋಜನಗೃಹವೊಂದಿದ್ದರೆ ಇಂತಹ ಬೆಳೆಗೆ ನಿಜವಾದ ಆಧಾರವಾಗುತ್ತದೆ.

ರೈತನ ಕಡೆಯಿಂದ

ನೇರ ಖರೀದಿಯಲ್ಲಿ ಕಮಿಷನ್ ಮತ್ತು ಸಾಗಣೆಯ ವೆಚ್ಚ ಉಳಿಯುತ್ತದೆ. ಅಡಚಣೆಗಳೂ ಇವೆ. ಅಡುಗೆಮನೆಗೆ ದಿನವೂ ಹತ್ತಾರು ಬಗೆಯ ಪದಾರ್ಥ ಸ್ವಲ್ಪಸ್ವಲ್ಪವೇ ಬೇಕು. ರೈತನ ಹೊಲದಲ್ಲಿ ಒಂದೇ ಬೆಳೆ ಒಮ್ಮೆಗೇ ಕೊಯ್ಲಿಗೆ ಬರುತ್ತದೆ. ನಾಲ್ಕು ಚಿಪ್ಪು ಕೊಳ್ಳುವವರಿಗಾಗಿ ಇಡೀ ಗೊನೆ ಕಾಯುವುದಿಲ್ಲ. ಹೋಟೆಲು ಉಳಿದದ್ದನ್ನು ಬೇಡವೆಂದರೆ ಅದು ಪುನಃ ಮಂಡಿಗೇ ಹೋಗಬೇಕು. ಮಂಡಿಯಲ್ಲಿ ಅಂದೇ ಹಣ ಸಿಗಬಹುದು. ಹೋಟೆಲಿನಲ್ಲಿ ವಾರಗಟ್ಟಲೆ ಬಾಕಿ ನಿಲ್ಲುವುದುಂಟು. ಹಲವು ರೈತರು ಗುಂಪಾಗಿ, ಬಿತ್ತನೆಯನ್ನು ಹಂತಹಂತವಾಗಿ ಮಾಡಿದಾಗ ಈ ತೊಂದರೆ ತಕ್ಕಮಟ್ಟಿಗೆ ನೀಗುತ್ತದೆ.

ಹೆಸರಿನ ಸತ್ಯಾಸತ್ಯತೆ

"ಹೊಲದಿಂದ ನೇರವಾಗಿ" ಎಂಬ ಮಾತಿಗೆ ಕಾನೂನಿನ ವ್ಯಾಖ್ಯೆ ಇಲ್ಲ. ಅಮೆರಿಕದ "ಟ್ಯಾಂಪಾ ಬೇ ಟೈಮ್ಸ್" ಪತ್ರಿಕೆ 2016ರಲ್ಲಿ ಪ್ರಕಟಿಸಿದ ತನಿಖಾ ವರದಿಯು, ಅಲ್ಲಿನ ಹಲವು ಭೋಜನಗೃಹಗಳ ಇಂತಹ ಹೇಳಿಕೆಗಳು ಸುಳ್ಳೆಂದು ತೋರಿಸಿತು. "ಸಾವಯವ" ಎಂಬ ಪದಕ್ಕೆ ಭಾರತದಲ್ಲಿ 2017ರ ಆಹಾರ ಸುರಕ್ಷತಾ ನಿಯಮಾವಳಿ ಅನ್ವಯಿಸುತ್ತದೆ. ಭೌಗೋಳಿಕ ಸೂಚಿಕೆಯ ಹೆಸರನ್ನು ಸುಳ್ಳಾಗಿ ಬಳಸುವುದು 1999ರ ಕಾಯಿದೆಯಂತೆ ದಂಡನಾರ್ಹ ಅಪರಾಧ. 6 ತಿಂಗಳಿನಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು ದಂಡ ವಿಧಿಸಲು ಅವಕಾಶವಿದೆ. ಹಾಗಿದ್ದರೂ ಬೇರೆ ಬಾಳೆಯನ್ನು ರಸಬಾಳೆಯೆಂದು ಮಾರುವುದು ನಿಂತಿಲ್ಲ.

ಊಟಕ್ಕೆ ಕುಳಿತವರು ಕೆಲವು ಸಂಗತಿಗಳನ್ನು ಸುಲಭವಾಗಿ ಪರಿಶೀಲಿಸಬಹುದು: ಪದಾರ್ಥ ಯಾವ ಊರಿನದು, ಈ ವಾರ ಪಟ್ಟಿಯಲ್ಲಿ ಏನು ಬದಲಾಗಿದೆ, ಇಂದು ಯಾವುದು ಇಲ್ಲ ಎಂದು ಬಡಿಸುವವರನ್ನು ಕೇಳಬೇಕು. ವರ್ಷವಿಡೀ ಎಲ್ಲವೂ ದೊರೆಯುತ್ತದೆ ಎಂಬ ಉತ್ತರ ಬಂದರೆ ಆ ಅಡುಗೆಮನೆಗೆ ಸರಕು ಮಂಡಿಯಿಂದಲೇ ಬರುತ್ತಿರುವ ಸಂಭವ ಹೆಚ್ಚು.