ಅವ್ವನ ಲೆಕ್ಕದ ಪುಸ್ತಕ

‘ರಾತ್ರಿ 2.10 – ಉಪ್ಪಿಟ್ಟು, ಒಂದು ಬಟ್ಟಲ. 3.40 – ಮತ್ತ ಹಸಿವು. ಅವಲಕ್ಕಿ. ಜ್ವರ 98.8. 5.00 – ಅಳು. ಮಂಡಕ್ಕಿ ಮಿರ್ಚಿ ಕೇಳಿದ. ಕೊಡಲಿಲ್ಲ.’

ಶಾಲೆ ಮಕ್ಕಳ ಇನ್ನೂರು ಪುಟದ ನೋಟ್‌ಬುಕ್ಕು. ರಟ್ಟಿನ ಮೇಲೆ ಮಗಳ ಹೆಸರು, ತರಗತಿ. ವಿಷಯ ಎಂಬಲ್ಲಿ ‘ಗಣಿತ’. ಮೊದಲ ಆರು ಪುಟ ಮಗಳ ಕೂಡುವ ಲೆಕ್ಕ. ಏಳನೆಯ ಪುಟದಿಂದ ಅವಳ ತಮ್ಮನ ಜ್ವರದ ಲೆಕ್ಕ.

ಬೆಂಗಳೂರಿನ ಕ್ಯಾನ್ಸರ್ ಆಸ್ಪತ್ರೆಯೊಂದರಿಂದ ಎರಡು ಸ್ಟಾಪ್ ಆಚೆ, ಪರವೂರಿನ ರೋಗಿಗಳು ಉಳಿದುಕೊಳ್ಳುವ ಧರ್ಮಶಾಲೆಯ ಅಂಗಳದಲ್ಲಿ ಇದನ್ನು ನನ್ನ ಕೈಗಿಟ್ಟವರು ಕೊಪ್ಪಳ ಕಡೆಯ ಒಬ್ಬ ತಾಯಿ. ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್. ಬಂದು ಏಳು ತಿಂಗಳು. ನಾನು ಹೋದದ್ದು ಅಲ್ಲಿನ ಅಡುಗೆಮನೆಯ ಬಗ್ಗೆ ಬರೆಯೋಣವೆಂದು. ಮೂರು ವಾರವಾಯಿತು, ತಲೆಯಲ್ಲಿ ಈ ಪುಸ್ತಕ ಬಿಟ್ಟು ಬೇರೇನೂ ಇಲ್ಲ.

‘ಇದು ಸ್ಟೆರಾಯ್ಡ್ ತಿಂಗಳದ ಪುಟ ಅಕ್ಕಾರ’ ಎಂದರು. ಮಕ್ಕಳ ಲ್ಯುಕೇಮಿಯಾ ಚಿಕಿತ್ಸೆಯ ಮೊದಲ ತಿಂಗಳು ದಿನವೂ ಸ್ಟೆರಾಯ್ಡ್ ಗುಳಿಗೆ. ಮುಖ ಊದುತ್ತದೆ, ಸಿಟ್ಟು ಮೂಗಿನ ತುದಿಗೆ ಬರುತ್ತದೆ, ನಡುರಾತ್ರಿ ಎಬ್ಬಿಸುವಂಥ ಹಸಿವು ಹುಟ್ಟುತ್ತದೆ. ‘ಹೊಟ್ಟಿ ತುಂಬಿರತೈತಿ, ಆದ್ರೂ ಬೇಕಂತಾನ. ಅದು ಅವನ ಹಸಿವಲ್ರಿ, ಗುಳಿಗಿ ಹಸಿವು.’ ಸೋಂಕಿನ ಭಯಕ್ಕೆ ಆಗಷ್ಟೇ ಮಾಡಿದ್ದು, ಹಬೆಯಾಡುವಷ್ಟು ಬಿಸಿ ಇದ್ದದ್ದು ಮಾತ್ರ ಕೊಡಬೇಕು. ಉಪ್ಪು ಕಡಿಮೆ. ಹಸಿ ಕೊತ್ತಂಬರಿ ಉದುರಿಸುವಂತಿಲ್ಲ. ಕುದಿಸಿ ಆರಿಸಿದ ನೀರು. ಹೀಗಾಗಿ ರಾತ್ರಿ ಎರಡು ಗಂಟೆಗೂ ಸ್ಟವ್ ಹಚ್ಚುವವರು ಇದ್ದೇ ಇರುತ್ತಾರೆ. ಒಬ್ಬರು ಎದ್ದರೆ ಪಕ್ಕದ ಕೋಣೆಯವರೂ ‘ನಂದೂ ಒಂದು ಹಿಡಿ ರವೆ ಹಾಕವ್ವಾ’ ಎಂದು ಬಟ್ಟಲು ಹಿಡಿದು ಬರುವುದುಂಟಂತೆ.

ಇನ್ನೊಂದು ಪುಟ. ‘1.25 – 100.6. 1.40 – ಆಟೋ. 2.05 – ಸೂಜಿ.’ ಅಷ್ಟೇ, ಮೂರು ನಮೂದು. ಆ ರಾತ್ರಿ ಮಗುವಿನ ‘ಕೌಂಟ್’ ಬಿದ್ದಿತ್ತು. ಅಲ್ಲಿನ ಅಪ್ಪ ಅಮ್ಮಂದಿರೆಲ್ಲ ಉಸಿರಿನಷ್ಟು ಸಲೀಸಾಗಿ ಆಡುವ ಮಾತು ಇದು. ಸೋಂಕಿನೊಡನೆ ಸೆಣಸುವ ನ್ಯೂಟ್ರೋಫಿಲ್ ಎಂಬ ಬಿಳಿರಕ್ತಕಣ 500ಕ್ಕಿಂತ ಕೆಳಗಿಳಿದಾಗ ಜ್ವರ 100.4 ದಾಟಿತೆಂದರೆ ಬೆಳಗಾಗಲಿ ಎಂದು ಕಾಯುವ ಮಾತೇ ಇಲ್ಲ, ಆ್ಯಂಟಿಬಯಾಟಿಕ್ ರಕ್ತಕ್ಕೆ ಹೋಗಲೇಬೇಕು. ನಲವತ್ತು ನಿಮಿಷದಲ್ಲಿ ಈ ತಾಯಿ ಅದನ್ನು ಮಾಡಿಸಿದ್ದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವರು. ಥರ್ಮಾಮೀಟರ್ ದಿಂಬಿನ ಕೆಳಗೆ, ಆಟೋದ ದುಡ್ಡು ಫೈಲಿನೊಳಗೆ. ಇದನ್ನು ಬರೀ ತಾಯಿಪ್ರೀತಿ ಎಂದು ಕರೆದು ಮುಗಿಸಲು ನನಗೆ ಮನಸ್ಸಿಲ್ಲ. ಇದು ಕಲಿತ ಕಸುಬು. ಚಿಕಿತ್ಸೆಯ ಅರ್ಧ ಭಾಗ ಈ ಕಸುಬಿನ ಮೇಲೆ ನಿಂತಿದೆ ಎಂದೇ ನಾನು ನಂಬಿದ್ದೇನೆ.

ಅಷ್ಟಾಗಿಯೂ ಅವರಿಗೆ ಆಸ್ಪತ್ರೆ ಕೊಡುವ ಹೆಸರು ‘ಅಟೆಂಡರ್’. ಮಂಚದ ಕೆಳಗಿನ ಚಾಪೆ ಅವರ ಜಾಗ. ರೌಂಡ್ಸ್ ಹೊತ್ತಿಗೆ ‘ಹೊರಗಡೆ ಹೋಗಿ’. ಇಂಗ್ಲೆಂಡಿನಲ್ಲಿ ಒಂದು ಕಾಲಕ್ಕೆ ಮಕ್ಕಳ ವಾರ್ಡಿಗೆ ತಾಯಂದಿರನ್ನು ಬಿಡುತ್ತಲೇ ಇರಲಿಲ್ಲ, ಬಿಟ್ಟರೂ ಲೆಕ್ಕದ ಹೊತ್ತು. ಜೇಮ್ಸ್ ರಾಬರ್ಟ್‌ಸನ್ ಎಂಬವನು ಎಂಟು ದಿನ ಆಸ್ಪತ್ರೆಯಲ್ಲಿದ್ದ ಎರಡು ವರ್ಷದ ಹುಡುಗಿಯೊಬ್ಬಳ ಚಲನಚಿತ್ರ ತೆಗೆದು, ಆ ಮಗು ದಿನದಿಂದ ದಿನಕ್ಕೆ ಹೇಗೆ ಒಳಗೊಳಗೇ ಮುದುಡಿತೆಂದು 1952ರಲ್ಲಿ ತೋರಿಸಿದ. 1959ರಲ್ಲಿ ಅಲ್ಲಿನ ಸರ್ಕಾರದ ಪ್ಲ್ಯಾಟ್ ಸಮಿತಿ ತಾಯಂದಿರನ್ನು ಒಳಗೆ ಬಿಡಿ, ಚಿಕ್ಕ ಮಕ್ಕಳ ಜೊತೆ ಉಳಿಯಲು ಜಾಗ ಕೊಡಿ ಎಂದು ಬರೆಯಿತು. ನಮ್ಮಲ್ಲಿ ತಾಯಂದಿರು ಮೊದಲಿಂದಲೂ ಒಳಗೇ ಇದ್ದಾರೆ. ನನಗೆ ಟೈಫಾಯ್ಡ್ ಬಂದಾಗ ನಮ್ಮಮ್ಮ ಹನ್ನೆರಡು ರಾತ್ರಿ ಅಂಥದೇ ಚಾಪೆಯ ಮೇಲೆ ಮಲಗಿದ್ದಳು. ಒಳಗಿದ್ದರು ನಿಜ, ಕೂರಲು ಒಂದು ಸ್ಟೂಲ್ ಕೊಟ್ಟವರು ಕಡಿಮೆ.

ಪುಸ್ತಕ ಓದುತ್ತ ಕೂತಿದ್ದ ಕಟ್ಟೆಯ ಪಕ್ಕ, ಒಡೆದ ಬಕೆಟ್ಟಿನಲ್ಲಿ ಒಂದು ನಿತ್ಯಪುಷ್ಪದ ಗಿಡ. ಸದಾಪುಷ್ಪ, ಕಾಶಿ ಕಣಗಿಲೆ ಎಂದೂ ಕರೆಯುತ್ತಾರೆ. ‘ಇದ ನೋಡ್ರಿ ಅವನ ಶುಕ್ರವಾರದ ಸೂಜಿ. ನಮ್ಮೂರಾಗ ಇದು ಗೋರಿ ಮ್ಯಾಲ ಬೆಳೀತೈತಿ, ಆಡು ಸೈತ ಬಾಯಿ ಹಾಕಂಗಿಲ್ಲ’ ಎಂದರು ಆ ತಾಯಿ. ಸೂಜಿಯ ಮದ್ದು ಈ ಗಿಡದ್ದೆಂದು ನರ್ಸೊಬ್ಬರು ಹೇಳಿದ್ದಂತೆ. ನಾನು ಮನೆಗೆ ಬಂದು ನಾಲ್ಕು ದಿನ ಈ ಗಿಡದ ಬೆನ್ನು ಬಿಡಲಿಲ್ಲ.

ಗಿಡದ ತವರು ಮಡಗಾಸ್ಕರ್. ಜಮೈಕಾದಲ್ಲಿ ಇದರ ಎಲೆ ಕುದಿಸಿ ಸಕ್ಕರೆ ಕಾಯಿಲೆಗೆ ಕುಡಿಯುತ್ತಿದ್ದರು. ನಮ್ಮ ಹಳ್ಳಿಗಳಲ್ಲೂ ಕುಡಿಯುವವರಿದ್ದಾರೆ. 1952ರಲ್ಲಿ ಜಮೈಕಾದಿಂದ ಕೆನಡಾದ ಡಾ. ಕ್ಲಾರ್ಕ್ ನೋಬಲ್‌ಗೆ ಲಕೋಟೆಯಲ್ಲಿ ಇಪ್ಪತ್ತೈದು ಎಲೆ ಬಂದವು. ಈ ಕ್ಲಾರ್ಕ್ ನೋಬಲ್ ಯಾರೆಂದರೆ, 1921ರಲ್ಲಿ ಬ್ಯಾಂಟಿಂಗ್ ಇನ್ಸುಲಿನ್ ಹುಡುಕಲು ಹೊರಟಾಗ ಸಹಾಯಕ್ಕೆ ಯಾರು ಹೋಗಬೇಕೆಂದು ಗೆಳೆಯ ಚಾರ್ಲ್ಸ್ ಬೆಸ್ಟ್ ಜೊತೆ ನಾಣ್ಯ ಚಿಮ್ಮಿ ಸೋತವನು ಎಂದು ಕತೆಯಿದೆ. ಗೆದ್ದ ಬೆಸ್ಟ್ ಹೆಸರು ಇನ್ಸುಲಿನ್ ಜೊತೆ ಉಳಿಯಿತು. ಸೋತವನಿಗೆ ಮೂವತ್ತು ವರ್ಷ ಕಳೆದು ಈ ಎಲೆ ಬಂತು! ಅವನು ಅದನ್ನು ಸಂಶೋಧಕನಾಗಿದ್ದ ತನ್ನ ತಮ್ಮ ರಾಬರ್ಟ್‌ಗೆ ಕಳಿಸಿದ. ಇಲಿಗಳಿಗೆ ಕುಡಿಸಿದರೆ ಸಕ್ಕರೆ ಇಳಿಯಲಿಲ್ಲ. ಸೂಜಿಯಲ್ಲಿ ಕೊಟ್ಟಾಗ ಕೆಲವೇ ದಿನಗಳಲ್ಲಿ ಇಲಿಗಳು ಸೋಂಕು ತಗುಲಿ ಸತ್ತವು. ನೋಡಿದರೆ, ಬಿಳಿರಕ್ತಕಣ ನೆಲಕಚ್ಚಿತ್ತು. ಬಿಳಿರಕ್ತಕಣವೇ ಹದ್ದುಮೀರಿ ಹೆಚ್ಚುವ ಕಾಯಿಲೆಗೆ ಇದೇ ಮದ್ದಾಗಬಾರದೇಕೆ? 1958ರಲ್ಲಿ ರಾಬರ್ಟ್ ಮತ್ತು ಚಾರ್ಲ್ಸ್ ಬಿಯರ್ ವಿನ್‌ಬ್ಲಾಸ್ಟಿನ್ ಬೇರ್ಪಡಿಸಿದರು. ಅದೇ ಗಿಡದ ಇನ್ನೊಂದು ಸಾರ ವಿನ್‌ಕ್ರಿಸ್ಟಿನ್, ಹುಡುಗನ ಶುಕ್ರವಾರದ ಸೂಜಿ. ಅಮೆರಿಕದ ಎಲಿ ಲಿಲ್ಲಿ ಕಂಪನಿ ತೆಗೆದ ಅದಕ್ಕೆ 1963ರಲ್ಲಿ ಒಪ್ಪಿಗೆ ಸಿಕ್ಕಿತು. ಒಂದು ಗ್ರಾಂ ತೆಗೆಯಲು ನೂರಾರು ಕಿಲೋ ಒಣ ಎಲೆ ಬೇಕು. ಮನೆಯಲ್ಲಿ ಯಾರೂ ಈ ಎಲೆ ಕುದಿಸಿ ಮಗುವಿಗೆ ಕುಡಿಸಬೇಡಿ, ಕೈಮುಗಿದು ಹೇಳುತ್ತೇನೆ. ರಕ್ತನಾಳದೊಳಕ್ಕೆ ಮಾತ್ರ ಕೊಡುವ, ದಾರಿ ತಪ್ಪಿ ಬೆನ್ನುಹುರಿಗೆ ಹೋದರೆ ಜೀವ ತೆಗೆಯುವ ವಿಷವದು.

ಆ ಇಲಿಗಳು ಸತ್ತ ರೀತಿ ಓದಿದಾಗಲೇ ‘1.25 – 100.6’ ಎಂಬುದರ ಪೂರ್ತಿ ಭಾರ ನನಗೆ ತಿಳಿದದ್ದು. ಅವುಗಳಿಗೆ ಜ್ವರ ನೋಡಿ ಆಟೋ ಹಿಡಿಯುವವರು ಯಾರೂ ಇರಲಿಲ್ಲ.

ಉಳಿದ ಔಷಧಿಗಳ ಚರಿತ್ರೆ ಬಲ್ಲವರಿಗೆ ಗೊತ್ತಿದ್ದದ್ದೇ. 1948ರಲ್ಲಿ ಬೋಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಲ್ಯುಕೇಮಿಯಾದ ಹದಿನಾರು ಮಕ್ಕಳಿಗೆ ಅಮಿನಾಪ್ಟೆರಿನ್ ಕೊಟ್ಟು ಹತ್ತು ಮಕ್ಕಳಲ್ಲಿ ಕೆಲಕಾಲದ ಚೇತರಿಕೆ ಕಂಡದ್ದನ್ನು ಪ್ರಕಟಿಸಿದ. ಆ ಔಷಧಿ ತಯಾರಾದದ್ದು ಆಂಧ್ರದ ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದಲ್ಲಿ. ಇಂದು ಶ್ರೀಮಂತ ದೇಶಗಳಲ್ಲಿ ಈ ಕಾಯಿಲೆಯ ನೂರರಲ್ಲಿ ಸುಮಾರು ತೊಂಬತ್ತು ಮಕ್ಕಳು ಬದುಕುತ್ತಾರೆ. ನಮ್ಮಲ್ಲಿ ಆ ಸಂಖ್ಯೆ ಮುಟ್ಟದಿರಲು ಒಂದು ಕಾರಣ ಚಿಕಿತ್ಸೆ ಅರ್ಧಕ್ಕೇ ನಿಲ್ಲುವುದು. ಒಟ್ಟು ಎರಡು, ಎರಡೂವರೆ ವರ್ಷದ ಹಾದಿ. ಒಂದೆರಡು ತಿಂಗಳಿಗೆ ಮಗು ಆಡಲು ಶುರುಮಾಡುತ್ತದೆ, ಊರಿನಿಂದ ‘ಆರಾಮಾತಲ್ಲ, ಬಂದುಬಿಡು’ ಎಂದು ಫೋನು. ಬಿಪಿಎಲ್ ಕಾರ್ಡಿದ್ದರೆ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಚಿಕಿತ್ಸೆಯ ಖರ್ಚು ನಡೆಯುತ್ತದೆ. ರೈಲಿನ ಸ್ಲೀಪರಿನಲ್ಲಿ ರೋಗಿಗೆ ಟಿಕೆಟ್ ದುಡ್ಡಿಲ್ಲ, ಜೊತೆಗಾರರಿಗೆ ಮುಕ್ಕಾಲು ಪಾಲು ರಿಯಾಯಿತಿ. ಬಿದ್ದುಹೋದ ಕೂಲಿ ಮಾತ್ರ ಯಾವ ಕಾರ್ಡಿನಲ್ಲೂ ಬರುವುದಿಲ್ಲ. ಈ ತಾಯಿಯ ಗಂಡ ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಹಮಾಲಿ. ತಿಂಗಳಿಗೊಮ್ಮೆ ಬರುತ್ತಾರೆ. ಮಗಳು ಅಜ್ಜಿ ಮನೆಯಲ್ಲಿ. ಸಂಜೆ ಏಳಕ್ಕೆ ಅವಳ ಫೋನು. ‘ನನ್ನ ಗಣಿತ ಪುಸ್ತಕ ಯಾವಾಗ ಕೊಡ್ತಿ’ ಎಂದು ಮೊದಮೊದಲು ಜಗಳ ತೆಗೆಯುತ್ತಿದ್ದವಳು ಈಗ ‘ಇವತ್ತ ಎಷ್ಟು ಬರದಿ’ ಎನ್ನುತ್ತಾಳಂತೆ.

ಆ ದಿನ ನಾನು ಹೊರಡುವ ಹೊತ್ತಿಗೆ ಹುಡುಗ ನಿದ್ದೆಯಿಂದ ಎದ್ದು ಬಂದ. ಬೋಳುತಲೆಯ ಮೇಲೆ ಹೊಸ ಕೂದಲು, ಮೂಗಿನ ಕೆಳಗೆ ಜಾರಿದ ಮಾಸ್ಕ್. ವಿನ್‌ಕ್ರಿಸ್ಟಿನ್ ಪಾದದ ನರಗಳನ್ನು ಹಿಡಿಯುತ್ತದೆ. ಪಾದ ಜೋತುಬಿದ್ದು ಮಕ್ಕಳು ಎಡವುತ್ತಾರೆ. ಡಾಕ್ಟರು ಹಿಮ್ಮಡಿ ಮೇಲೆ ನಡೆಸಿ ನೋಡುವುದನ್ನು ಕಂಡ ಈ ತಾಯಿ ದಿನವೂ ಸಂಜೆ ತಾವೇ ನಡೆಸುತ್ತಾರೆ.

‘ನಡಿ ತಮ್ಮಾ, ಅಕ್ಕಾರಿಗೆ ತೋರ್ಸು.’

ಎರಡೂ ಕೈ ಅಗಲಿಸಿ, ಬೆರಳು ಮೇಲೆತ್ತಿ, ಹಿಮ್ಮಡಿಯ ಮೇಲೆ ಟಕ್ ಟಕ್ ಎಂದು ಕಟ್ಟೆಯಿಂದ ಬಕೆಟ್ಟಿನ ಕಡೆ ಹೊರಟ. ಏಳನೇ ಹೆಜ್ಜೆಗೆ ಓಲಾಡಿದ. ಅವರು ಎರಡೂ ಕೈ ಮುಂದೆ ಚಾಚಿದರು, ಹಿಡಿಯಲಿಲ್ಲ. ಹನ್ನೊಂದಕ್ಕೆ ಪಾದ ನೆಲಕ್ಕೆ ತಾಗಿತು. ‘ನಿನ್ನೆ ಎಂಟ ಇತ್ತು’ ಎನ್ನುತ್ತ ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು, ನನ್ನದೇ ಪೆನ್ನು ಕೇಳಿ ಬರೆದರು: 11.